ಫೆರೆಟ್‌ಗೆ ಸುಸ್ತಾದರೆ ಜೇನುತುಪ್ಪ ಸವರಿದರೆ ಸಾಕೇ? ಹೊಟ್ಟೆ ಮತ್ತು ಹಾರ್ಮೋನ್ ಕಾಯಿಲೆಗಳ ಬಗ್ಗೆ ತಿಳಿಯಬೇಕಾದ್ದು

"ಫೆರೆಟ್ ಸುಸ್ತಾಗಿ ಬಿದ್ದಿದ್ದರೆ ಬಾಯಿಗೆ ಸ್ವಲ್ಪ ಜೇನುತುಪ್ಪ ಸವರಿ, ಐದೇ ನಿಮಿಷದಲ್ಲಿ ಎದ್ದು ಓಡಾಡುತ್ತದೆ." ಸಾಕುಪ್ರಾಣಿ ಪ್ರಿಯರ ಗುಂಪುಗಳಲ್ಲಿ ಈ ಬಗೆಯ ಸಲಹೆ ಆಗಾಗ ಓಡಾಡುತ್ತಿರುತ್ತದೆ. ಇದು ಪೂರ್ತಿ ಸುಳ್ಳಾಗಿದ್ದರೆ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಇದು ಅರ್ಧ ನಿಜ. ಜೇನು ಸವರಿದರೆ ಫೆರೆಟ್ ನಿಜಕ್ಕೂ ಏಳುತ್ತದೆ. ಎದ್ದಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಒಂದೆರಡು ಗಂಟೆಯಲ್ಲಿ ಅದು ಮೊದಲಿಗಿಂತ ಕೆಟ್ಟದಾಗಿ ಬೀಳಬಹುದು. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಮೊದಲು ಈ ಪ್ರಾಣಿ ಯಾವುದು, ಅದರ ಹೊಟ್ಟೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಫೆರೆಟ್ ಅಂದರೆ ಮುಂಗುಸಿಯೇ?

ಅಲ್ಲ. ವಿಡಿಯೊಗಳಲ್ಲಿ ನೋಡಿದವರು ಬಿಳಿ ಮುಂಗುಸಿ ಅಂದುಕೊಳ್ಳುವುದು ಸಹಜ, ಉದ್ದನೆಯ ಮೈ, ಗಿಡ್ಡ ಕಾಲು, ಚೂಪು ಮೂತಿ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಫೆರೆಟ್ ನೀರುನಾಯಿಯ ಕುಟುಂಬಕ್ಕೆ ಸೇರಿದ್ದು, ಮುಂಗುಸಿಯದು ಬೇರೆಯೇ ಕುಟುಂಬ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮನುಷ್ಯ ಎರಡು ಸಾವಿರ ವರ್ಷಗಳ ಹಿಂದೆಯೇ ಮೊಲದ ಬೇಟೆಗಾಗಿ ಪಳಗಿಸಿದ, ಅದರಿಂದ ಬಂದದ್ದು ಇವತ್ತಿನ ಸಾಕು ಫೆರೆಟ್. ಅಮೆರಿಕ, ಬ್ರಿಟನ್, ನೆದರ್ಲೆಂಡ್ಸ್, ಜಪಾನ್‌ಗಳಲ್ಲಿ ಮನೆಯೊಳಗೆ ಸಾಕುತ್ತಾರೆ. ಅಮೆರಿಕದಲ್ಲಿರುವ ನಮ್ಮವರಿಗೂ ಎಲ್ಲ ಕಡೆ ಸಾಕಲು ಅವಕಾಶವಿಲ್ಲ. ಕ್ಯಾಲಿಫೋರ್ನಿಯಾ ಮತ್ತು ಹವಾಯಿಯಲ್ಲಿ ಕಾನೂನು ಒಪ್ಪುವುದಿಲ್ಲ. ಇನ್ನು ನಮ್ಮೂರಿನಲ್ಲಿ ಯಾರಾದರೂ "ಫೆರೆಟ್ ಮರಿ" ಎಂದು ಮುಂಗುಸಿ ಮರಿ ತೋರಿಸಿದರೆ ಕೊಳ್ಳಬೇಡಿ. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಸಾಕುವುದು, ಮಾರುವುದು ಎರಡೂ ಅಪರಾಧ.

ಫೆರೆಟ್ ಪೂರ್ತಿ ಮಾಂಸಾಹಾರಿ. ಬೆಕ್ಕಿನ ಹಾಗೆ, ಬೆಕ್ಕಿಗಿಂತ ಇನ್ನೊಂದು ಕೈ ಹೆಚ್ಚೇ. ಅದರ ಕರುಳು ಗಿಡ್ಡ. ದೊಡ್ಡ ಕರುಳು ಶುರುವಾಗುವಲ್ಲಿ ನಮಗಿರುವ ಸೀಕಮ್ ಎಂಬ ಚೀಲ ಅದಕ್ಕಿಲ್ಲ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತದೆ. ಹಾಗಾಗಿ ನಾರು, ಹಿಟ್ಟು, ಹಣ್ಣು, ತರಕಾರಿ ಜೀರ್ಣಿಸಿಕೊಳ್ಳಲು ಅದಕ್ಕೆ ಸಮಯವೂ ಇಲ್ಲ, ಸಾಧನವೂ ಇಲ್ಲ. ಈ ಮೂರು ನಾಲ್ಕು ಗಂಟೆಯ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಹಲವು ಕಡೆ ಬರುತ್ತದೆ.

ಜೇನುತುಪ್ಪದ ಅರ್ಧ ಸತ್ಯ

ನಾಲ್ಕೈದು ವರ್ಷ ದಾಟಿದ ಫೆರೆಟ್‌ಗಳಲ್ಲಿ ಬಹಳ ಸಾಮಾನ್ಯವಾಗಿ ಕಾಣುವ ಕಾಯಿಲೆ ಇನ್ಸುಲಿನೋಮಾ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಸಣ್ಣ ಸಣ್ಣ ಗಂಟುಗಳಾಗಿ ಬೆಳೆದು, ಬೇಕೋ ಬೇಡವೋ ನೋಡದೆ ಇನ್ಸುಲಿನ್ ಸುರಿಸುತ್ತವೆ. ನಮ್ಮ ಮನೆಗಳಲ್ಲಿ ಶುಗರ್ ಅಂದರೆ ಏರುವ ಸಕ್ಕರೆ. ಇಲ್ಲಿ ಅದಕ್ಕೆ ತದ್ವಿರುದ್ಧ, ರಕ್ತದ ಸಕ್ಕರೆ ಕುಸಿಯುತ್ತದೆ.

ಇದರ ಆರಂಭ ಸದ್ದಿಲ್ಲದೆ ಆಗುತ್ತದೆ. ಮೊದಲಿಗಿಂತ ಹೆಚ್ಚು ನಿದ್ದೆ ಮಾಡುತ್ತದೆ, ಎಬ್ಬಿಸಿದರೆ ಬೇಗ ಏಳುವುದಿಲ್ಲ. ಆಟದ ಮಧ್ಯೆ ನಿಂತು ಶೂನ್ಯವನ್ನು ದಿಟ್ಟಿಸುತ್ತದೆ. ಹಿಂಗಾಲುಗಳು ಸೋತು ಎಳೆದುಕೊಂಡು ಹೋಗುತ್ತದೆ. ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ಇದು ಮುಖ್ಯ ಸುಳಿವು, ವಾಕರಿಕೆ ಬಂದಾಗ ಫೆರೆಟ್ ಹೀಗೆ ಮಾಡುತ್ತದೆ. ಬಹಳಷ್ಟು ಜನ "ವಯಸ್ಸಾಯ್ತು ಪಾಪ" ಎಂದು ಬಿಟ್ಟುಬಿಡುತ್ತಾರೆ. ಕೊನೆಗೆ ಫಿಟ್ಸ್ ಬಂದಾಗ ಗಾಬರಿಯಾಗುತ್ತದೆ.

ಈಗ ಜೇನುತುಪ್ಪಕ್ಕೆ ಬರೋಣ. ಸಕ್ಕರೆ ಕುಸಿದು ಬಿದ್ದ ಪ್ರಾಣಿಯ ವಸಡಿಗೆ ಸ್ವಲ್ಪ ಜೇನು ಅಥವಾ ಸಕ್ಕರೆ ಪಾಕ ಸವರುವುದು ಸರಿಯಾದ ತುರ್ತು ಚಿಕಿತ್ಸೆಯೇ. ಪಶುವೈದ್ಯರೂ ಫೋನಿನಲ್ಲಿ ಇದನ್ನೇ ಹೇಳುತ್ತಾರೆ. ಆದರೆ ಆ ಸಕ್ಕರೆ ರಕ್ತಕ್ಕೆ ಸೇರಿದ ಕೂಡಲೇ ಗಂಟುಗಳು ಅದನ್ನು ನೋಡಿ ಇನ್ನಷ್ಟು ಇನ್ಸುಲಿನ್ ಬಿಡುತ್ತವೆ, ಸಕ್ಕರೆ ಮತ್ತೆ ಕುಸಿಯುತ್ತದೆ. ಅದಕ್ಕೇ ಪ್ರಾಣಿ ಎಚ್ಚರವಾಗಿ ನುಂಗುವ ಸ್ಥಿತಿಗೆ ಬಂದ ತಕ್ಷಣ ಮಾಂಸದ ಆಹಾರ ಕೊಡಲೇಬೇಕು. ಮಾಂಸದ ಪ್ರೋಟೀನ್ ಮತ್ತು ಕೊಬ್ಬು ನಿಧಾನವಾಗಿ ಶಕ್ತಿ ಕೊಡುತ್ತವೆ, ಸಕ್ಕರೆಯಂತೆ ಏರಿಸಿ ಬೀಳಿಸುವುದಿಲ್ಲ. ಅದಾದ ಮೇಲೆ ಅದೇ ದಿನ ಆಸ್ಪತ್ರೆ. ಒಂದು ಎಚ್ಚರಿಕೆ: ಫಿಟ್ಸ್ ಬಂದಿರುವಾಗ ಬಾಯೊಳಗೆ ಬೆರಳು ಹಾಕಬೇಡಿ, ಹಲ್ಲು ಬೆರಳಿಗೆ ಇಳಿಯುತ್ತದೆ. ದ್ರವ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತಿ ಕಡ್ಡಿಯಲ್ಲಿ ವಸಡಿಗೆ ತೆಳ್ಳಗೆ ಸವರಿದರೆ ಸಾಕು.

ಫಿಟ್ಸ್ ಇಲ್ಲದ ದಿನ "ಮುನ್ನೆಚ್ಚರಿಕೆಗೆ" ಎಂದು ದಿನವೂ ಜೇನು ನೆಕ್ಕಿಸುವವರಿದ್ದಾರೆ. ಇದು ತಪ್ಪು. ಪ್ರೀತಿಯಿಂದ ಕೊಡುವ ಒಣದ್ರಾಕ್ಷಿ, ಬಾಳೆಹಣ್ಣು, ಬಿಸ್ಕತ್ತು, ಅಂಗಡಿಯಲ್ಲಿ ಸಿಗುವ ಸಿಹಿ ಮಾಲ್ಟ್ ಪೇಸ್ಟ್‌ಗಳೂ ಅದೇ ಸಾಲಿನವು. ಫೆರೆಟ್‌ಗಳಿಗೆ ಸಿಹಿ ಇಷ್ಟ, ಒಣದ್ರಾಕ್ಷಿಗೆ ಓಡೋಡಿ ಬರುತ್ತವೆ, ಅದು ನಿಜ. ಇಷ್ಟಪಟ್ಟು ತಿನ್ನುವುದಕ್ಕೂ ಮೈಗೆ ಒಗ್ಗುವುದಕ್ಕೂ ಸಂಬಂಧವಿಲ್ಲ ಎನ್ನುವುದನ್ನು ಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಪರೀಕ್ಷೆ ಸರಳ, ರಕ್ತದ ಸಕ್ಕರೆ ನೋಡುವುದು. ಆರೋಗ್ಯವಂತ ಫೆರೆಟ್‌ನಲ್ಲಿ ಸುಮಾರು 90ರಿಂದ 120 ಮಿಲಿಗ್ರಾಂ ಇರುತ್ತದೆ. ಮೂರು ನಾಲ್ಕು ಗಂಟೆ ಉಪವಾಸದ ಬಳಿಕ 60ಕ್ಕಿಂತ ಕೆಳಗಿದ್ದರೆ ಇನ್ಸುಲಿನೋಮಾ ಎಂದು ಬಲವಾಗಿ ಅನುಮಾನಿಸುತ್ತಾರೆ. ನಡುವೆ ಬಂದರೆ ಮತ್ತೊಮ್ಮೆ ನೋಡುತ್ತಾರೆ. ನಾವು ಫಾಸ್ಟಿಂಗ್ ಶುಗರ್ ಪರೀಕ್ಷೆಗೆ ರಾತ್ರಿ ಊಟ ಮಾಡಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗುತ್ತೇವೆ. ಅದೇ ಅಭ್ಯಾಸದಲ್ಲಿ ಫೆರೆಟ್ ತಟ್ಟೆಯನ್ನು ರಾತ್ರಿಯೇ ಎತ್ತಿಟ್ಟರೆ ಬೆಳಗಾಗುವುದರೊಳಗೆ ಅದು ಪ್ರಜ್ಞೆ ತಪ್ಪಿರಬಹುದು. ಎಷ್ಟು ಹೊತ್ತು ಉಪವಾಸ ಇಡಬೇಕು ಎಂದು ವೈದ್ಯರನ್ನು ಕೇಳಿಯೇ ಇಡಿ. ಮನೆಯಲ್ಲಿ ಅಪ್ಪನ ಗ್ಲುಕೋಮೀಟರ್ ಇದೆಯಲ್ಲ ಎಂಬ ಯೋಚನೆಯೂ ಬೇಡ. ಮನುಷ್ಯರ ಯಂತ್ರಗಳು ಫೆರೆಟ್ ರಕ್ತದಲ್ಲಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತವೆ.

ಚಿಕಿತ್ಸೆಯಲ್ಲಿ ಎರಡು ದಾರಿ. ಶಸ್ತ್ರಚಿಕಿತ್ಸೆ ಮಾಡಿ ಗಂಟುಗಳನ್ನು ತೆಗೆಯಬಹುದು, ಆದರೆ ಕಣ್ಣಿಗೆ ಕಾಣದ ಗಂಟುಗಳು ಉಳಿದು ತಿಂಗಳುಗಳಲ್ಲೋ ವರ್ಷದಲ್ಲೋ ಕಾಯಿಲೆ ಮರಳುವುದು ಹೆಚ್ಚು. ಇನ್ನೊಂದು ಔಷಧದ ದಾರಿ: ಪ್ರೆಡ್ನಿಸೊಲೋನ್ ಯಕೃತ್ತಿನಿಂದ ಸಕ್ಕರೆ ಹೊರಬರುವಂತೆ ಮಾಡುತ್ತದೆ, ಅದು ಸಾಲದಿದ್ದರೆ ಡಯಾಜಾಕ್ಸೈಡ್ ಇನ್ಸುಲಿನ್ ಬಿಡುಗಡೆಯನ್ನೇ ತಡೆಯುತ್ತದೆ. ಎರಡೂ ಗಂಟನ್ನು ಕರಗಿಸುವುದಿಲ್ಲ, ಲಕ್ಷಣಗಳನ್ನು ಹಿಡಿದಿಡುತ್ತವೆ ಅಷ್ಟೇ. ಆರು ವರ್ಷದ ಪ್ರಾಣಿಗೆ ಶಸ್ತ್ರಚಿಕಿತ್ಸೆ ಬೇಡ, ಔಷಧದಲ್ಲೇ ಇರುವಷ್ಟು ದಿನ ಚೆನ್ನಾಗಿರಲಿ ಎಂದು ನಿರ್ಧರಿಸುವುದು ಕ್ರೌರ್ಯವಲ್ಲ, ಎಷ್ಟೋ ಸಲ ಅದೇ ವಿವೇಕದ ಆಯ್ಕೆ. ಫೆರೆಟ್‌ನ ಆಯಸ್ಸೇ ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಆದರೆ ಪ್ರೆಡ್ನಿಸೊಲೋನ್ ಕೊಡುತ್ತಿದ್ದರೆ "ಈಗ ಚುರುಕಾಗಿದೆ" ಎಂದು ಒಂದೇ ಸಲ ನಿಲ್ಲಿಸಬೇಡಿ. ಸ್ಟೀರಾಯ್ಡ್ ಅನ್ನು ವೈದ್ಯರು ಹಂತಹಂತವಾಗಿಯೇ ಇಳಿಸಬೇಕು. ಆಹಾರ ದಿನವಿಡೀ ಕೈಗೆಟುಕುವಂತಿರಲಿ, ರಾತ್ರಿಯೂ.

ಕೂದಲು ಉದುರಿದರೆ ಎಣ್ಣೆ ಹಚ್ಚಬೇಕೇ?

ಬಾಲದ ಬುಡದಲ್ಲಿ ಕೂದಲು ತೆಳ್ಳಗಾಗಿ, ಅಲ್ಲಿಂದ ಸೊಂಟ, ಪಕ್ಕೆ, ಬೆನ್ನಿನ ಕಡೆಗೆ ಎರಡೂ ಬದಿ ಸರಿಸಮವಾಗಿ ಬೋಳಾಗುತ್ತಾ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ, ಬೇವಿನ ನೀರಲ್ಲಿ ಮೈ ತೊಳೆಯಿರಿ ಎನ್ನುವವರಿಗೆ ಕೊರತೆಯಿಲ್ಲ. ಇದು ಚರ್ಮದ ಕಾಯಿಲೆ ಅಲ್ಲ, ಚರ್ಮದಲ್ಲಿ ಕಾಣುವ ಕಾಯಿಲೆ. ಮೂಲ ಇರುವುದು ಮೂತ್ರಪಿಂಡದ ಪಕ್ಕದ ಅಡ್ರೀನಲ್ ಗ್ರಂಥಿಯಲ್ಲಿ.

ಇದರ ಹಿಂದಿನ ಕಥೆ ಸ್ವಲ್ಪ ವಿಚಿತ್ರ. ಅಮೆರಿಕದಲ್ಲಿ ಮಾರಾಟವಾಗುವ ಫೆರೆಟ್‌ಗಳಿಗೆ ಸಾಕಣೆ ಕೇಂದ್ರದಲ್ಲೇ, ಆರು ವಾರದ ಆಸುಪಾಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿರುತ್ತಾರೆ. ವೃಷಣ ಅಥವಾ ಅಂಡಾಶಯ ಇದ್ದಿದ್ದರೆ ಅವುಗಳ ಹಾರ್ಮೋನು ಮಿದುಳಿಗೆ "ಸಾಕು" ಎಂದು ತಿಳಿಸುತ್ತಿತ್ತು. ಅವೇ ಇಲ್ಲದಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. ಆ ಸಂದೇಶವನ್ನು ಅಡ್ರೀನಲ್ ಗ್ರಂಥಿ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಪ್ರಚೋದನೆ ಪಡೆದು ಊದಿಕೊಂಡು, ಕೆಲವೊಮ್ಮೆ ಗಡ್ಡೆಯಾಗಿ, ಲೈಂಗಿಕ ಹಾರ್ಮೋನುಗಳನ್ನು ತಾನೇ ತಯಾರಿಸಲು ತೊಡಗುತ್ತದೆ. ನಾಯಿಗಳ ಕುಶಿಂಗ್ ಕಾಯಿಲೆಯಲ್ಲಿ ಹೆಚ್ಚುವುದು ಕಾರ್ಟಿಸಾಲ್. ಇಲ್ಲಿ ಹಾಗಲ್ಲ, ಆದ್ದರಿಂದ ನಾಯಿಯ ಪರೀಕ್ಷೆ, ನಾಯಿಯ ಔಷಧ ಇಲ್ಲಿ ನಡೆಯುವುದಿಲ್ಲ. ನೆದರ್ಲೆಂಡ್ಸ್‌ನ ಪಶುವೈದ್ಯ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದ ವಯಸ್ಸಿಗೂ ಕಾಯಿಲೆ ಕಾಣಿಸಿಕೊಂಡ ವಯಸ್ಸಿಗೂ ನೇರ ಸಂಬಂಧ ಕಂಡುಬಂದಿತ್ತು, ನಡುವಿನ ಅಂತರ ಸುಮಾರು ಮೂರೂವರೆ ವರ್ಷ.

ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿಸದೇ ಬಿಟ್ಟರೆ? ಹೆಣ್ಣು ಫೆರೆಟ್ ವಿಷಯದಲ್ಲಿ ಇದು ಜೀವಕ್ಕೇ ಅಪಾಯ. ಅದು ಕೂಡಿದ ಮೇಲಷ್ಟೇ ಅಂಡ ಬಿಡುಗಡೆ ಮಾಡುತ್ತದೆ. ಗಂಡು ಸಿಗದಿದ್ದರೆ ವಾರಗಟ್ಟಲೆ ಬೆದೆಯಲ್ಲೇ ಉಳಿಯುತ್ತದೆ, ಈಸ್ಟ್ರೋಜನ್ ಏರಿದ್ದು ಇಳಿಯುವುದಿಲ್ಲ. ಏರಿದ ಈಸ್ಟ್ರೋಜನ್ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತದೆ, ರಕ್ತ ತಯಾರಾಗುವುದೇ ನಿಲ್ಲುತ್ತದೆ. ವಸಡು ಬಿಳುಚಿ, ಚರ್ಮದಡಿ ರಕ್ತದ ಕಲೆಗಳು ಮೂಡುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬೆದೆ ಎರಡು ಮೂರು ವಾರ ದಾಟುತ್ತಿದ್ದರೆ ಕಾಯಬಾರದು. ಈ ಇಕ್ಕಟ್ಟಿನಿಂದ ಹೊರಬರಲು ಈಗ ಯುರೋಪಿನಲ್ಲಿ ಹೆಚ್ಚು ಬಳಸುವುದು ಡೆಸ್ಲೊರೆಲಿನ್ ಇಂಪ್ಲಾಂಟ್. ಅಕ್ಕಿಕಾಳಿನ ಗಾತ್ರಕ್ಕಿಂತ ತುಸು ದೊಡ್ಡದಾದ ಇದನ್ನು ಚರ್ಮದಡಿ ಇಡುತ್ತಾರೆ, ಪಿಟ್ಯುಟರಿಯ ಸಂದೇಶವೇ ನಿಂತುಬಿಡುತ್ತದೆ. ಬೆದೆಯೂ ಬರುವುದಿಲ್ಲ, ಅಡ್ರೀನಲ್ ಮೇಲೂ ಒತ್ತಡ ಬೀಳುವುದಿಲ್ಲ. ಅಡ್ರೀನಲ್ ಕಾಯಿಲೆ ಬಂದ ಮೇಲೂ ಇದೇ ಇಂಪ್ಲಾಂಟ್ ಮುಖ್ಯ ಚಿಕಿತ್ಸೆ. ಒಂದು ವರ್ಷದ ಆಸುಪಾಸು, ಕೆಲವದರಲ್ಲಿ ಇನ್ನೂ ಹೆಚ್ಚು ಕಾಲ ಕೆಲಸ ಮಾಡುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ಕೂದಲು ಮರಳಿ ಬರುತ್ತದೆ. ಗಡ್ಡೆ ಮಾತ್ರ ಒಳಗೊಳಗೇ ಬೆಳೆಯುತ್ತಿರಬಹುದು, ಅದಕ್ಕೆ ಆಗಾಗ ಸ್ಕ್ಯಾನಿಂಗ್ ಬೇಕು. ಶಸ್ತ್ರಚಿಕಿತ್ಸೆಯೂ ಉಂಟು. ಎಡಗಡೆಯ ಗ್ರಂಥಿ ತೆಗೆಯುವುದು ಸುಲಭ, ಬಲಗಡೆಯದು ದೇಹದ ದೊಡ್ಡ ರಕ್ತನಾಳಕ್ಕೇ ಅಂಟಿಕೊಂಡಿರುವುದರಿಂದ ಕಷ್ಟ. ಮೆಲಟೋನಿನ್ ಮಾತ್ರೆ ಕೊಟ್ಟರೆ ಕೂದಲು ಬಂತು ಎನ್ನುವುದೂ ನಿಜ, ಕಾಯಿಲೆ ಹೋಯಿತು ಎನ್ನುವುದು ಸುಳ್ಳು.

ವಸಂತ ಮತ್ತು ಶರತ್ಕಾಲದಲ್ಲಿ ಫೆರೆಟ್ ಮೈಕೂದಲು ಬದಲಿಸುತ್ತದೆ. ಬಾಲದ ಕೂದಲಷ್ಟೇ ಉದುರಿ ಚರ್ಮದಲ್ಲಿ ಕಪ್ಪು ಚುಕ್ಕೆ ಕಂಡು ಮತ್ತೆ ಬೆಳೆಯುವುದೂ ಉಂಟು. ಗೊಂದಲ ಇಲ್ಲಿಯೇ. ಅಡ್ರೀನಲ್ ಕಾಯಿಲೆಯಲ್ಲೂ ಮೊದಲ ವರ್ಷ ಉದುರಿದ್ದು ಕೆಲವು ತಿಂಗಳಲ್ಲಿ ಬಂದುಬಿಡಬಹುದು, ಮುಂದಿನ ವರ್ಷ ಹೋದದ್ದು ಬರುವುದಿಲ್ಲ. ಜೊತೆಗೆ ಬೇರೆ ಲಕ್ಷಣ ನೋಡಿ: ತುರಿಕೆ, ಶಸ್ತ್ರಚಿಕಿತ್ಸೆ ಆದ ಹೆಣ್ಣಿನಲ್ಲಿ ಯೋನಿಯ ಊತ, ಶಾಂತವಾಗಿದ್ದ ಗಂಡು ಇದ್ದಕ್ಕಿದ್ದಂತೆ ಇತರ ಫೆರೆಟ್‌ಗಳ ಕತ್ತು ಕಚ್ಚಿ ಎಳೆದಾಡುವುದು, ಮೈವಾಸನೆ ಹೆಚ್ಚುವುದು.

ಇವೆಲ್ಲದರಲ್ಲಿ ಗಡಿಯಾರ ನೋಡಿ ಓಡಬೇಕಾದ್ದು ಒಂದೇ. ಗಂಡು ಫೆರೆಟ್ ಮಲಮೂತ್ರದ ಮೂಲೆಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಿದ್ದರೆ, ಹನಿಹನಿ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ ಪ್ರಾಸ್ಟೇಟ್ ಊದಿ ಮೂತ್ರನಾಳ ಮುಚ್ಚಿರಬಹುದು. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂತರೆ ಪ್ರಾಣಿ ಉಳಿಯುವುದಿಲ್ಲ. ಬೆಳಿಗ್ಗೆ ನೋಡೋಣ ಎನ್ನುವ ಮಾತೇ ಬೇಡ.

ಹೊಟ್ಟೆಯ ಕಾಯಿಲೆಗಳು

ಎರಡು ವರ್ಷದೊಳಗಿನ ಫೆರೆಟ್ ವಾಂತಿ ಮಾಡಿ ಆಹಾರ ಬಿಟ್ಟರೆ ಮೊದಲ ಅನುಮಾನ ರಬ್ಬರು. ಹವಾಯಿ ಚಪ್ಪಲಿಯ ತುಣುಕು, ರಿಮೋಟ್ ಗುಂಡಿ, ಇಯರ್‌ಫೋನ್ ತುದಿಯ ಮೆತ್ತೆ, ಪೆನ್ಸಿಲ್ ಅಳಿಸುವ ರಬ್ಬರ್, ಸೋಫಾದ ಸ್ಪಂಜು. ಅಗಿಯುವುದು ಅವಕ್ಕೆ ಚಟ, ಕರುಳು ಮಾತ್ರ ಬಹಳ ಸಣ್ಣದು. ವಯಸ್ಸಾದವುಗಳಲ್ಲಿ ಹೊಟ್ಟೆಯೊಳಗೆ ಕೂದಲಿನ ಉಂಡೆ ಸೇರಿಕೊಳ್ಳುತ್ತದೆ. ಬೆಕ್ಕಿನಂತೆ ಅದನ್ನು ಕಕ್ಕಿ ಹೊರಹಾಕುವುದು ಫೆರೆಟ್‌ಗೆ ಅಪರೂಪ. ಹಲ್ಲು ಕಡಿಯುವ ಸದ್ದು, ಬಾಯಿ ಕೆರೆಯುವುದು, ಗೂನು ಬೆನ್ನು ಮಾಡಿ ಕೂರುವುದು, ಮಲ ದಾರದಂತೆ ತೆಳುವಾಗುವುದು ಅಥವಾ ನಿಂತೇ ಹೋಗುವುದು ಸುಳಿವುಗಳು. ಪೂರ್ತಿ ಅಡ್ಡಗಟ್ಟಿದರೆ ಶಸ್ತ್ರಚಿಕಿತ್ಸೆಯೇ ದಾರಿ.

ಇನ್ನೊಂದು, ಹೊಟ್ಟೆಹುಣ್ಣು. ಇದಕ್ಕೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಮಸ್ಟೆಲೆ ಎಂಬ ಬ್ಯಾಕ್ಟೀರಿಯ, ಮನುಷ್ಯರ ಅಲ್ಸರ್‌ಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿಯ ಸೋದರಸಂಬಂಧಿ. ಪೈಲೋರಿಯನ್ನು ಗುರುತಿಸಿದ್ದಕ್ಕೆ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರ ನೊಬೆಲ್ ಬಂತು. "ಅಲ್ಸರ್ ಬರೋದು ಖಾರ, ಟೆನ್ಷನ್‌ನಿಂದ" ಎಂಬ ನಂಬಿಕೆ ಮುರಿದದ್ದು ಆಗಲೇ. ಈ ಬ್ಯಾಕ್ಟೀರಿಯದಿಂದ ತಾನಾಗಿಯೇ ಹುಣ್ಣಾಗುವ ಪ್ರಾಣಿ ಎಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಫೆರೆಟ್‌ಗಳ ಅಧ್ಯಯನವೂ ನಡೆಯಿತು. ಹೆಚ್ಚಿನ ಫೆರೆಟ್‌ಗಳ ಹೊಟ್ಟೆಯಲ್ಲಿ ಇದು ಸುಮ್ಮನೆ ಇರುತ್ತದೆ, ಗಲಾಟೆ ಎಬ್ಬಿಸುವುದು ಬೇರೆ ಕಾಯಿಲೆ, ಜಾಗ ಬದಲಾವಣೆ, ಹೊಸ ಜೊತೆಗಾರ ಮುಂತಾದ ಒತ್ತಡ ಬಂದಾಗ. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದರ್ಥ. ವೈದ್ಯರು ಎರಡು ಆಂಟಿಬಯಾಟಿಕ್ ಜೊತೆ ಬಿಸ್ಮತ್ ಅಥವಾ ಆಮ್ಲ ತಗ್ಗಿಸುವ ಔಷಧ ಕೊಡುತ್ತಾರೆ. ಬಿಸ್ಮತ್ ಕೊಟ್ಟಾಗ ಅದರಿಂದಲೂ ಮಲ ಕಪ್ಪಾಗುತ್ತದೆ, ಔಷಧ ಶುರುವಾಗುವ ಮೊದಲು ಹೇಗಿತ್ತು ಎಂದು ನೆನಪಿಟ್ಟುಕೊಳ್ಳಿ. ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್ ಅಥವಾ ಪ್ಯಾರಸಿಟಮಾಲ್ ಚೂರು ಮಾಡಿ ಕೊಡಬೇಡಿ. ಒಂದು ಕಿಲೋ ತೂಕದ ಈ ಪ್ರಾಣಿಗೆ ಅದು ವಿಷ.

ಇನ್ನು ಹಸಿರು ಭೇದಿ. 1993ರಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ಮೊದಲು ಗಮನಕ್ಕೆ ಬಂದ ಈ ಕಾಯಿಲೆಗೆ ಕಾರಣ ಒಂದು ಕೊರೊನಾ ವೈರಸ್. ಹೆಸರು ಕೇಳಿ ಗಾಬರಿ ಬೇಡ, ಇದು ಕೋವಿಡ್ ವೈರಸ್ ಅಲ್ಲ. ಅದೇ ದೊಡ್ಡ ಕುಟುಂಬದ ಬೇರೆ ಕವಲು, ಫೆರೆಟ್‌ನಿಂದ ಫೆರೆಟ್‌ಗೆ ಹರಡುತ್ತದೆ. ಆರೋಗ್ಯವಾಗಿ ಕಾಣುವ ಹೊಸ ಮರಿಯನ್ನು ಮನೆಗೆ ತಂದ ಎರಡು ಮೂರು ದಿನದಲ್ಲಿ ಹಳೆಯ ಫೆರೆಟ್ ಲೋಳೆಲೋಳೆಯಾದ ಹಸಿರು ಭೇದಿ ಮಾಡುತ್ತದೆ, ಆಮೇಲಾಮೇಲೆ ಮಲ ನವಣೆ ಕಾಳಿನಂತೆ ಹರಳುಹರಳಾಗುತ್ತದೆ, ಅಂದರೆ ತಿಂದದ್ದು ಮೈಗೆ ಸೇರುತ್ತಿಲ್ಲ. ಮರಿಗಳು ಬೇಗ ಚೇತರಿಸಿಕೊಳ್ಳುತ್ತವೆ, ವಯಸ್ಸಾದವಕ್ಕೆ ವಾರಗಳು ಬೇಕು. ವೈರಸ್‌ಗೆ ಔಷಧವಿಲ್ಲ, ಸಾಯಿಸುವುದು ನಿರ್ಜಲೀಕರಣ ಮತ್ತು ಹಸಿವು. ನೀರು, ಆಹಾರ ಎರಡನ್ನೂ ಬಿಡದೆ ಕೊಟ್ಟು ಉಳಿಸಬೇಕು. ಅಂದಹಾಗೆ ಹಸಿರು ಮಲವೆಲ್ಲಾ ಈ ಕಾಯಿಲೆಯಲ್ಲ, ಆಹಾರ ಬೇಗ ಬೇಗ ಸಾಗಿದರೂ ಮಲ ಹಸಿರಾಗುತ್ತದೆ.

ಮನುಷ್ಯರ ಜ್ವರದ ವಿಷಯಕ್ಕೆ ಬಂದರೆ, ನಮ್ಮ ಫ್ಲೂ ಫೆರೆಟ್‌ಗೆ ಅಂಟುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದೂ ಫೆರೆಟ್‌ಗಳ ಸಹಾಯದಿಂದಲೇ. ನಿಮಗೆ ನೆಗಡಿ ಜ್ವರ ಇದ್ದರೆ ಅದನ್ನು ಮುದ್ದಾಡಬೇಡಿ.

ಭೇದಿಗೆ ಮೊಸರನ್ನ, ಎಳನೀರು?

ನಮಗೆ ಒಳ್ಳೆಯದು, ಫೆರೆಟ್‌ಗೆ ಅಲ್ಲ. ಹಾಲಿನ ಸಕ್ಕರೆ ಅದಕ್ಕೆ ಅರಗುವುದಿಲ್ಲ, ಭೇದಿ ಹೆಚ್ಚುತ್ತದೆ. ಅನ್ನದ ಹಿಟ್ಟು, ಎಳನೀರಿನ ಸಕ್ಕರೆ ಇನ್ಸುಲಿನೋಮಾ ಇದ್ದರೆ ಅಪಾಯ. ಕಾಯಿಲೆಯ ಫೆರೆಟ್‌ಗೆ ಕೊಡಬೇಕಾದ್ದು ಮಾಂಸದ ಗಂಜಿ ಎನ್ನಬಹುದಾದ ಆಹಾರ: ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ ನುಣ್ಣಗೆ ಅರೆದ ಕೋಳಿ, ಅಥವಾ ಅದರ ಮಾಮೂಲಿ ಒಣ ಆಹಾರವನ್ನೇ ಬಿಸಿನೀರಲ್ಲಿ ನೆನೆಸಿ ಕಲಸಿದ್ದು. ಉಗುರುಬೆಚ್ಚಗೆ, ಸ್ವಲ್ಪ ಸ್ವಲ್ಪ, ಮೂರು ನಾಲ್ಕು ಗಂಟೆಗೊಮ್ಮೆ. ಸಿರಿಂಜಿನಲ್ಲಾದರೆ ಬಾಯಿಯ ಪಕ್ಕದಿಂದ ನಿಧಾನವಾಗಿ. ಕರುಳು ಅಡ್ಡಗಟ್ಟಿರುವ ಅನುಮಾನವಿದ್ದರೆ, ಅಂದರೆ ವಾಂತಿ ನಿಲ್ಲದೆ ಮಲವೂ ಬರದಿದ್ದರೆ, ಒತ್ತಾಯದಿಂದ ಏನೂ ತಿನ್ನಿಸಬೇಡಿ.

ವಿದೇಶದಲ್ಲಿರುವ ಸಸ್ಯಾಹಾರಿ ಮನೆಗಳಿಗೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮಾಂಸವನ್ನು ಮನೆಯೊಳಗೆ ತರುವುದಿಲ್ಲ ಎಂಬುದು ನಿಮ್ಮ ನಿರ್ಧಾರ, ಗೌರವಿಸೋಣ. ಆದರೆ ಬೇಳೆ, ಜೋಳ, ಸೋಯಾ ಹೆಚ್ಚಿರುವ ಆಹಾರದಿಂದ ಫೆರೆಟ್‌ನ ಮೂತ್ರ ಕ್ಷಾರೀಯವಾಗಿ ಕಲ್ಲು ಕಟ್ಟುತ್ತದೆ. ಮಾಂಸದ ಆಹಾರ ಕೊಡಲು ಮನಸ್ಸಿಲ್ಲದಿದ್ದರೆ ಮಗ ಎಷ್ಟೇ ಹಟ ಮಾಡಿದರೂ ಫೆರೆಟ್ ತರಬೇಡಿ, ಮೊಲ ತನ್ನಿ.

ಆಸ್ಪತ್ರೆಗೆ ಹೋಗುವಾಗ

ನಾಯಿ ಬೆಕ್ಕು ನೋಡುವ ಎಲ್ಲರೂ ಫೆರೆಟ್ ನೋಡುವುದಿಲ್ಲ, ನೋಡುವ ವೈದ್ಯರು ಎಷ್ಟು ದೂರದಲ್ಲಿದ್ದಾರೆ, ರಾತ್ರಿ ಯಾರಿದ್ದಾರೆ ಎಂದು ಪ್ರಾಣಿ ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಚಳಿಗಾಲಕ್ಕೆ ಮುಂಚೆ ಫೆರೆಟ್ ದಪ್ಪಗಾಗಿ ಬೇಸಿಗೆಗೆ ಇಳಿಯುವುದು ಸಹಜ, ಆ ಏರಿಳಿತ ಗೊತ್ತಿದ್ದರಷ್ಟೇ ಅಸಹಜವಾದದ್ದು ಕಣ್ಣಿಗೆ ಬೀಳುತ್ತದೆ. ಸುಸ್ತು, ಹಿಂಗಾಲಿನ ಸೋಲು, ದಿಟ್ಟಿಸಿ ನೋಡುವುದು ಕಂಡಾಗ ಅರ್ಧ ನಿಮಿಷದ ವಿಡಿಯೊ ಮಾಡಿಕೊಳ್ಳಿ, ಮಲದ ಫೋಟೊವನ್ನೂ ತೆಗೆಯಿರಿ. ಆಸ್ಪತ್ರೆಯ ಮೇಜಿನ ಮೇಲೆ ಇಳಿಸಿದ ಕೂಡಲೇ ಫೆರೆಟ್ ಗಾಬರಿಯಿಂದ ಚುರುಕಾಗಿಬಿಡುತ್ತದೆ, ವೈದ್ಯರಿಗೆ ಕಾಯಿಲೆ ಕಾಣುವುದು ಆ ವಿಡಿಯೊದಲ್ಲೇ.